ಹೇಳದೆ ಊರು ಬಿಟ್ಟ ಫಿಶ್ ಐ ಅವರ ಸನ್ನಿಧಾನಕ್ಕೆ

ಮೀನಾ ಅಬ್ದುಲ್ಲಾ ಕೈಗಾರಿಕಾ ಪ್ರದೇಶ, ಕುವೈತ್
ಶನಿವಾರ, ರಜಾದಿನ

ಇವರಿಗೆ,
ಶ್ರೀಯುತ ಫಿಶ್ ಐ ಅವರು
ಹಿಂದಿನ ವಿಳಾಸ: ಪಂಪಿನ ಮುಚ್ಚಳ ನಂಬರ್ ಹನ್ನೊಂದು, ಬಲಭುಜ, ಪೇಂಟ್ ಕೋಣೆ
ಈಗಿನ ವಿಳಾಸ: ಬಲ್ಲವರಿಲ್ಲ

ವಿಷಯ: ತಾವು ಹೇಳದೆ ಕೇಳದೆ ಹೊರಟುಹೋದ ಬಗ್ಗೆ ಆಕ್ಷೇಪಣೆ ಹಾಗೂ ಒಂದೇ ಒಂದು ದಿನದ ಮಟ್ಟಿಗೆ ಮರಳಿ ಬರಬೇಕೆಂಬ ವಿನಂತಿ.

ಮಾನ್ಯರೇ,

ತಾವು ಎಲ್ಲಿದ್ದರೂ ದುಂಡಗೆ ಸುಖವಾಗಿರುವಿರೆಂದು ಭಾವಿಸಿ, ತಮ್ಮ ನಡುವಿನ ಚುಕ್ಕಿಗೂ ಸುತ್ತಲಿನ ಬಳೆಗೂ ಬೇರೆ ಬೇರೆಯಾಗಿ ನಮಸ್ಕರಿಸಿ, ಈ ಬಹಿರಂಗ ಪತ್ರ ಬರೆಯಲು ತಮ್ಮ ಅಪ್ಪಣೆ ಬೇಡುತ್ತೇನೆ. ಅಪ್ಪಣೆ ಕೊಡಲು ತಾವು ಸ್ಥಳದಲ್ಲಿ ಇಲ್ಲದಿರುವುದೇ ನನ್ನ ದೂರಾಗಿರುವುದರಿಂದ, ಕೊಟ್ಟಿದ್ದೀರಿ ಎಂದೇ ತಿಳಿದು ಮುಂದುವರಿಯುತ್ತೇನೆ.

ಈ ಪತ್ರವನ್ನು ಮೆಸ್ಸಿನ ಗೋಡೆಯ ಮೇಲೆ ಓದಲಿರುವ ಡ್ರೈವರುಗಳು, ಅಡುಗೆಯವರು ಮುಂತಾದ, ತಮ್ಮ ಪರಿಚಯದ ಭಾಗ್ಯವಿಲ್ಲದ ಮಹನೀಯರಿಗಾಗಿ ತಮ್ಮ ಕುಲಗೋತ್ರವನ್ನು ಎರಡು ಮಾತಿನಲ್ಲಿ ಹೇಳಿಬಿಡುತ್ತೇನೆ. ನಮ್ಮದು ಫೈಬರ್ ವರ್ಕ್‌ಶಾಪು. ಬಯಲಿನಲ್ಲಿ ನಿಂತ ಪಂಪುಗಳ ತಲೆಗೆ ಬಿಸಿಲು, ಧೂಳು ತಾಗದ ಹಾಗೆ ಕವಚುವ ಬಿಳಿ ಮುಚ್ಚಳಗಳನ್ನು ನಾವು ಮಾಡುತ್ತೇವೆ. ಗಾಜಿನ ನಾರಿನ ಬಟ್ಟೆಗೆ ರೆಸಿನ್ ಕುಡಿಸಿ, ಪದರ ಪದರವಾಗಿ ಅಚ್ಚಿಗೆ ಅಂಟಿಸಿ, ಗಟ್ಟಿಯಾದ ಮೇಲೆ ಬಿಡಿಸಿ, ಉಪ್ಪುಕಾಗದದಲ್ಲಿ ಉಜ್ಜಿ, ಕಟ್ಟಕಡೆಗೆ ಬಿಳಿ ರೆಸಿನ್ನಿನ ಒಂದು ಕೋಟನ್ನು ಸ್ಪ್ರೇ ಗನ್ನಿನಿಂದ ಹೊಡೆಯುತ್ತೇವೆ. ಆ ಕೋಟು ಒಣಗುವ ಮೊದಲ ಕಾಲು ಗಂಟೆಯಲ್ಲಿ ತಮ್ಮ ಅವತಾರವಾಗುತ್ತದೆ. ಎಲ್ಲೋ ಒಂದು ಕಡೆ ಕಣ್ಣಿಗೆ ಕಾಣದ ಜಿಡ್ಡು ಉಳಿದಿದ್ದರೆ ಸಾಕು, ಅಲ್ಲಿ ಬಣ್ಣ ಹೆದರಿದ ಹಾಗೆ ಹಿಂದೆ ಸರಿದು, ದುಂಡಗಿನ ಗುಂಡಿಯಾಗಿ, ನಡುವೆ ಒಂದು ಚುಕ್ಕಿಯನ್ನು ಉಳಿಸಿಕೊಂಡು, ಐಸಿನ ಮೇಲೆ ಮಲಗಿದ ಅಂಜಲ್ ಮೀನು ಗಿರಾಕಿಯನ್ನು ನೋಡುವ ಹಾಗೆ ನಮ್ಮನ್ನು ನೋಡತೊಡಗುತ್ತದೆ. ಆ ನೋಟವೇ ತಾವು.

ಮೂರು ವಾರ ತಾವು ನಮ್ಮಲ್ಲಿ ಠಿಕಾಣಿ ಹೂಡಿ ಹನ್ನೊಂದು ಮುಚ್ಚಳಗಳನ್ನು ರಿಜೆಕ್ಟ್ ಮಾಡಿಸಿದಿರಿ. ಅದರ ಬಗ್ಗೆ ನನಗೆ ದೂರಿಲ್ಲ. ಬಂದವರು ತಮ್ಮ ಕೆಲಸ ತಾವು ಮಾಡಿದಿರಿ. ಕಳೆದ ಮಂಗಳವಾರ ಹೋದ ರೀತಿ ಇದೆಯಲ್ಲ, ಅದು ಮಾತ್ರ ತಮ್ಮ ಘನತೆಗೆ ತಕ್ಕದ್ದಲ್ಲ. ತಾವು ಏಕೆ ಬಂದಿರಿ ಎಂದು ಒಂದು ಸಾಲಿನ ಹೇಳಿಕೆಯನ್ನಾದರೂ ಕೊಟ್ಟು ಹೋಗಬೇಕಿತ್ತು. ಕೊಡದೆ ಹೋದದ್ದರಿಂದ ಆ ಸಾಲನ್ನು ನಮ್ಮ ಮ್ಯಾನೇಜರ್ ಸಾಹೇಬರು ತಾವೇ ಬರೆದುಬಿಟ್ಟರು. ಮಂಗಳೂರಿನ ಕಡೆಯವರಾದರೂ ಫಾರಂ ಎಂದರೆ ಇಂಗ್ಲಿಷಿನಲ್ಲೇ ಯೋಚಿಸುವ ಸಾಹೇಬರು ಬುಧವಾರ ಬರೆದ ವರದಿಯ ಸಾರ ಇಷ್ಟು: ಮೂಲ ಕಾರಣ, ಸ್ಪ್ರೇ ಮಾಡುವ ಸುಕುಮಾರನ ದೃಷ್ಟಿದೋಷ. ಕ್ರಮ, ನಾಳೆ ಭಾನುವಾರದಿಂದ ಸುಕುಮಾರ ಪ್ಯಾಕಿಂಗ್ ವಿಭಾಗಕ್ಕೆ, ಗನ್ ಅವನ ಹೆಲ್ಪರನಿಗೆ. ಬರುವ ತಿಂಗಳು ಮುಗಿಯುವ ಸುಕುಮಾರಣ್ಣನ ಇಕಾಮಾ, ಅಂದರೆ ಈ ದೇಶದಲ್ಲಿರುವ ಪರವಾನಗಿ, ನವೀಕರಣ ಆಗುತ್ತದೋ ಇಲ್ಲವೋ ಎಂದು ಕೇಳಿದ್ದಕ್ಕೆ ಸಾಹೇಬರು 'ನೋಡೋಣ' ಎಂದರಂತೆ. ಮರಳುನಾಡಿನಲ್ಲಿ ನಮ್ಮ ಸಾಹೇಬರು 'ನೋಡೋಣ' ಎಂದ ಯಾವ ವಸ್ತುವನ್ನೂ ಮುಂದೆ ಯಾರೂ ನೋಡಿದ್ದಿಲ್ಲ.

ಗನ್ ಪಡೆಯಲಿರುವ ಆ ಹೆಲ್ಪರ್ ಯಾರೆಂದು ತಮಗೆ ಕುತೂಹಲವಿರಬಹುದು. ಶ್ರವಣ್, ಊರು ಪಡುಬಿದ್ರೆ, ವಯಸ್ಸು ಇಪ್ಪತ್ನಾಲ್ಕು, ಈ ಪತ್ರ ಬರೆಯುತ್ತಿರುವ ತಮ್ಮ ವಿಧೇಯ.

ಸುಕುಮಾರಣ್ಣ ತಮಗೆ ಅಪರಿಚಿತರಲ್ಲ. ತಮ್ಮನ್ನು ಇಪ್ಪತ್ತೆರಡು ವರ್ಷ ಹೊಸಿಲಿನ ಹೊರಗೇ ನಿಲ್ಲಿಸಿದ ಮನುಷ್ಯ ಅವರು. ಬೆಳಿಗ್ಗೆ ಬಂದವರೇ ಕಂಪ್ರೆಸರಿನ ಹೊಟ್ಟೆಯೊಳಗಿನ ನೀರನ್ನು ಬಸಿಯುವುದು, ಪೇಂಟ್ ಕೋಣೆಯ ನೆಲಕ್ಕೆ ನೀರು ಚಿಮುಕಿಸಿ ಧೂಳನ್ನು ಕೂರಿಸುವುದು, ರೆಸಿನ್ನನ್ನು ಗಟ್ಟಿಯಾಗಿಸುವ ಹಾರ್ಡ್‌ನರನ್ನು ಮಗುವಿನ ಔಷಧಿಯ ಹಾಗೆ ಅಳೆಯಿಸುವುದು, ಆಮೇಲೆ ಇಬ್ಬನಿ ಬಿದ್ದಷ್ಟು ತೆಳ್ಳಗೆ ಮೊದಲ ಹೊಡೆತ, ಅದು ಬೆರಳಿಗೆ ಅಂಟೀ ಅಂಟದ ಹಾಗಾದ ಮೇಲೆ ಎರಡನೆಯದು. ಒಳಗೆ ಬರುವವರಿಗೆ ಅವರದೇ ಕಾನೂನು. ಅತ್ತರು ಹಾಕಿದವರು ಹೊರಗೆ. ತಲೆಗೆ ಎಣ್ಣೆ ಹಾಕಿದವರು ಟೊಪ್ಪಿ ಹಾಕಿಕೊಂಡು ಹೊರಗೆ. ಒಮ್ಮೆ ನಾನು ಉಜ್ಜಿದ ಮುಚ್ಚಳವನ್ನು ಬರಿಗೈಯಲ್ಲಿ ಮುಟ್ಟಿದ್ದಕ್ಕೆ, "ಅದೆಂತ ನಿನಗೆ ನೋಡಿಟ್ಟ ಹುಡುಗಿಯಾ, ಕೆನ್ನೆ ಸವರ್ಲಿಕ್ಕೆ? ಗ್ಲೌಸ್ ಹಾಕು ಮಾರಾಯ" ಎಂದಿದ್ದರು.

ಅವರ ಶಸ್ತ್ರಾಗಾರದ ಮುಖ್ಯ ಆಯುಧ ಬೈರಾಸು. ಘಟ್ಟದ ಮೇಲಿನವರಿಗಾಗಿ ಹೇಳುವುದಾದರೆ, ಅದು ಕರಾವಳಿಯ ನಾವು ಸ್ನಾನವಾದ ಮೇಲೆ ಮೈ ಒರೆಸುವ, ತೆಳ್ಳನೆಯ ಹತ್ತಿಯ ಬಟ್ಟೆ. ಬಿಳಿ ಕೋಟು ಹೊಡೆಯುವ ಮುಂಚೆ ಮುಚ್ಚಳಕ್ಕೆ ಜಿಡ್ಡು ತೆಗೆಯುವ ಅಸಿಟೋನ್ ಹಚ್ಚಿ ಒರೆಸಬೇಕಷ್ಟೆ. ಅದಕ್ಕೆಂದು ಕಂಪನಿ ಪ್ಯಾಕೆಟ್ಟುಗಟ್ಟಲೆ ಬಟ್ಟೆ ಕೊಡುತ್ತದೆ. ಸುಕುಮಾರಣ್ಣ ಅದನ್ನು ಮೂಸಿಯೂ ನೋಡಿದವರಲ್ಲ. ಅವರ ಹೆಂಡತಿ ಕುಸುಮಕ್ಕ ಊರಿನಿಂದ ಬರುವವರ ಕೈಯಲ್ಲೆಲ್ಲ ಬೈರಾಸು ಕಳಿಸುತ್ತಾರೆ. ಹೊಸದಾಗಿ ಬಂದದ್ದು ಮೊದಲ ಒಂದು ವರ್ಷ ಸುಕುಮಾರಣ್ಣನ ಬೆನ್ನು ಒರೆಸಿ ತರಬೇತಿ ಪಡೆಯಬೇಕು. ಬಿಡುವ ನೂಲನ್ನೆಲ್ಲ ಬಿಟ್ಟು, ಗರಿಗರಿಯೆಂಬ ಅಹಂಕಾರವನ್ನೆಲ್ಲ ಕಳೆದುಕೊಂಡು, ಮಗುವಿನ ಕಿವಿಯಷ್ಟು ಮೆತ್ತಗಾದ ಮೇಲೆ ಅದಕ್ಕೆ ಪೇಂಟ್ ಕೋಣೆಗೆ ಬಡ್ತಿ. ಸದ್ಯ ಸೇವೆಯಲ್ಲಿರುವವು ಹನ್ನೆರಡು. ನಮ್ಮ ಇಡೀ ಮೀನಾ ಅಬ್ದುಲ್ಲಾದಲ್ಲಿ ಇಷ್ಟು ಕಟ್ಟುನಿಟ್ಟಿನ ನೇಮಕಾತಿ ಬೇರೆಲ್ಲೂ ಇರಲಿಕ್ಕಿಲ್ಲ.

ಇಂಥ ಕೋಟೆಗೆ ತಾವು ನುಗ್ಗಿದಿರಿ ಎಂಬುದಕ್ಕೆ ನನ್ನ ಮೆಚ್ಚುಗೆ ಇದೆ. ನಮಗೆಲ್ಲ ಈ ದೇಶಕ್ಕೆ ಬರಲು ಎದೆಯ ಎಕ್ಸ್‌ರೇ ಬೇಕಾಯಿತು, ಹತ್ತು ಬೆರಳಿನ ಗುರುತು ಬೇಕಾಯಿತು, ನಮ್ಮನ್ನು ಕರೆಸಿಕೊಳ್ಳಲು ಒಬ್ಬ ಕಫೀಲ್ ಬೇಕಾಯಿತು. ತಾವು ಇದಾವುದೂ ಇಲ್ಲದೆ, ಒಂದು ಭಾನುವಾರದ ಬೆಳಿಗ್ಗೆ ಮುಚ್ಚಳ ನಂಬರ್ ಒಂದರ ನೆತ್ತಿಯ ಮೇಲೆ ನಾಲ್ಕು ಜನ ಬಂದು ಕುಳಿತಿರಿ. ಗಿರಾಕಿ ಕಂಪನಿಯ ಇನ್‌ಸ್ಪೆಕ್ಟರ್ ಝಹೀರ್ ಸಾಹೇಬರು ಟಾರ್ಚನ್ನು ಓರೆಯಾಗಿ ಹಿಡಿದು ಮುಚ್ಚಳವನ್ನು ನೋಡುವವರು. ತಪ್ಪು ಕಂಡಲ್ಲಿ ಸುತ್ತು ಹಾಕಲು ಅವರ ಜೇಬಿನಲ್ಲಿ ಒಂದು ಕೆಂಪು ಪೆನ್ನಿದೆ. ಆರು ವರ್ಷಗಳಲ್ಲಿ ಅವರು ಸುಕುಮಾರಣ್ಣನ ಕೆಲಸದ ಮೇಲೆ ಆ ಪೆನ್ನಿನ ಟೊಪ್ಪಿ ತೆಗೆದವರಲ್ಲ. ಅಂದು ಮೊದಲ ಸುತ್ತು ಹಾಕಲು ಹೋದರೆ ಪೆನ್ನು ಬರೆಯಲೇ ಇಲ್ಲ. ಅಂಗೈಗೆ ಗೀಚಿ ಗೀಚಿ ಶಾಯಿ ಬರಿಸಿಕೊಳ್ಳಬೇಕಾಯಿತು. "ಯೇ ಕ್ಯಾ ಹೋ ಗಯಾ, ಸುಕುಮಾರ್ ಭಾಯಿ" ಎಂದು ಅವರು ಕೇಳಿದ್ದು ಇನ್‌ಸ್ಪೆಕ್ಟರ್ ಕೇಳುವ ಹಾಗಿರಲಿಲ್ಲ, ಆಸ್ಪತ್ರೆಗೆ ನೋಡಲು ಬಂದವರು ಕೇಳುವ ಹಾಗಿತ್ತು.

ಆಮೇಲೆ ತಮ್ಮ ಗೌರವಾರ್ಥ ನಡೆದ ತನಿಖೆಗಳನ್ನು ತಾವೇ ಗೋಡೆಗೊರಗಿದ ಮುಚ್ಚಳಗಳ ಮೇಲಿನಿಂದ ಕಣ್ಣಾರೆ ನೋಡಿದ್ದೀರಿ. ಕಂಪ್ರೆಸರಿನ ಫಿಲ್ಟರ್ ಬದಲಾಯಿತು. ರೆಸಿನ್ನಿನ ಹೊಸ ಡ್ರಮ್ಮು ಒಡೆದದ್ದಾಯಿತು. ಗನ್ನನ್ನು ಬಿಚ್ಚಿ, ತೊಳೆದು, ಜೋಡಿಸಿ, ಅನುಮಾನ ಬಂದು ಮತ್ತೆ ಬಿಚ್ಚಿದ್ದಾಯಿತು. ಮೆಸ್ಸಿನಲ್ಲಿ ಮೀನು ಹುರಿಯುವ ಹೊಗೆ ಗಾಳಿಯಲ್ಲಿ ತೇಲಿ ಬಂದು ಮುಚ್ಚಳದ ಮೇಲೆ ಕೂರುತ್ತಿರಬಹುದೆಂದು ಒಂದು ವಾರ ಎಲ್ಲರಿಗೂ ಬೇಯಿಸಿದ ಮೊಟ್ಟೆ. ಕೊನೆಗೆ ಸಂಶಯ ಹೋದದ್ದು ನಮ್ಮ ಫೋರ್‌ಮ್ಯಾನ್, ಉಪ್ಪಿನಂಗಡಿಯ ನಿಸಾರ್ ಭಾಯಿಯ ತಲೆಯೆಣ್ಣೆಯ ಮೇಲೆ. ಕೂದಲು ಅವರಿಗೆ ಇರುವುದೇ ಗಡಿಭಾಗದಲ್ಲಿ ಮಾತ್ರ; ಆದರೂ ನ್ಯಾಯ ಎಲ್ಲರಿಗೂ ಒಂದೇ ಎಂದು ಪಾತ್ರೆ ತೊಳೆಯುವ ಸೋಪಿನಲ್ಲಿ ಮೂರು ಸಲ ತಲೆ ತೊಳೆದು ಬಂದು, "ಈಗ ನನ್ನ ತಲೆ ನಿಮ್ಮ ಮುಚ್ಚಳಕ್ಕಿಂತ ಕ್ಲೀನ್ ಉಂಟು. ಬೇಕಾದ್ರೆ ಇದಕ್ಕೇ ಹೊಡೀರಿ ಬಿಳಿ ಕೋಟು, ಯಲ್ಲಾ" ಎಂದರು. ತಾವು ಆ ತ್ಯಾಗಕ್ಕೂ ಕರಗಲಿಲ್ಲ.

ಎಲ್ಲವೂ ನಿರ್ದೋಷಿ ಎಂದಾದ ಮೇಲೆ ಉಳಿದದ್ದು ಸುಕುಮಾರಣ್ಣನ ಕೈ ಮತ್ತು ಕಣ್ಣು. ಮೊದಲು ಅದನ್ನು ಹೇಳಿದವರು ಮ್ಯಾನೇಜರೂ ಅಲ್ಲ, ಝಹೀರ್ ಸಾಹೇಬರೂ ಅಲ್ಲ, ಸುಕುಮಾರಣ್ಣನೇ. "ಒರೆಸುವಾಗ ಜಿಡ್ಡು ಉಳೀತದೆ, ನನಗೆ ಕಾಣುದಿಲ್ಲ, ಐವತ್ತನಾಲ್ಕು ಆಯ್ತಲ್ಲ" ಎಂದು ನಿಸಾರ್ ಭಾಯಿಯ ಹತ್ತಿರ ಹೇಳುವುದನ್ನು ಕೇಳಿಸಿಕೊಂಡೆ. ಮೊದಲು ಎರಡು ಸಲ ಒರೆಸುತ್ತಿದ್ದವರು ನಾಲ್ಕು ಸಲ ಒರೆಸತೊಡಗಿದರು; ನಾಲ್ಕಿದ್ದ ತಾವು ಒಂಬತ್ತಾದಿರಿ. ಆರು ಸಲ ಒರೆಸಿದರು, ತಾವು ಹದಿಮೂರು. ಈ ಲೆಕ್ಕಾಚಾರದಲ್ಲಿ ಏನೋ ಒಂದು ಸೂಚನೆ ಇದೆ ಎಂದು ಆಗಲೇ ನನಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ಹೊಳೆಯುವ ಕೆಲಸವನ್ನೆಲ್ಲ ನಾವು ಮುಚ್ಚಳಗಳಿಗೆ ಬಿಟ್ಟಿದ್ದೇವೆ.

ಒಂದು ಶುಕ್ರವಾರ ಅವರು ಫಹಾಹೀಲಿಗೆ ಹೋಗಿ ಕಣ್ಣು ತೋರಿಸಿ, ಕನ್ನಡಕಕ್ಕೆ ಅಳತೆ ಕೊಟ್ಟು ಬಂದರು. ಅದು ಸಿಕ್ಕಿದ್ದು ಹೋದ ಶನಿವಾರ. ಅದನ್ನು ಹಾಕಿಕೊಂಡೇ ಕುಸುಮಕ್ಕನ ಜೊತೆ ವಿಡಿಯೋದಲ್ಲಿ ಮಾತಾಡಿದರು. ಅವರು "ಇದೆಂತ ಹೊಸತು?" ಎಂದು ಕೇಳಿದ್ದಕ್ಕೆ, "ಎಂತ ಇಲ್ಲ ಮಾರಾಯ್ತಿ, ಸ್ಟೈಲಿಗೆ" ಎಂದು ನಕ್ಕರು. ಫೋನಿಟ್ಟ ಮೇಲೆ ಕನ್ನಡಕ ತೆಗೆದು ಎರಡೂ ಅಂಗೈಗಳನ್ನು ಬೆಳಕಿಗೆ ಹಿಡಿದು ತುಂಬಾ ಹೊತ್ತು ನೋಡಿಕೊಂಡರು. ಎದುರು ಮಂಚದಲ್ಲಿದ್ದ ನಾನು ನಿದ್ದೆ ಬಂದವನ ಹಾಗೆ ಗೋಡೆಗೆ ತಿರುಗಿದೆ.

ಭಾನುವಾರ ಕನ್ನಡಕದೊಂದಿಗೆ ಹೊಡೆದ ಮುಚ್ಚಳದ ಮೇಲೆ ತಾವು ಮೂರೇ ಜನ. ಮಂಗಳವಾರ ಸೊನ್ನೆ. ಝಹೀರ್ ಸಾಹೇಬರು ಟಾರ್ಚನ್ನು ಆ ಕಡೆಯಿಂದ, ಈ ಕಡೆಯಿಂದ, ಮಂಡಿಯೂರಿ ಕೆಳಗಿನಿಂದ ಹಿಡಿದು ನೋಡಿ, ಕೆಂಪು ಪೆನ್ನನ್ನು ಜೇಬಿಗೆ ಹಾಕಿ, "ಮಾಶಾ ಅಲ್ಲಾ" ಎಂದು ಸುಕುಮಾರಣ್ಣನ ಭುಜ ತಟ್ಟಿದರು. ಎಲ್ಲರಿಗೂ ಎಲ್ಲವೂ ಅರ್ಥವಾಯಿತು. ಕನ್ನಡಕ ಬಂತು, ಫಿಶ್ ಐ ಹೋಯಿತು. ಆದ್ದರಿಂದ ಕಣ್ಣಿನದೇ ತಪ್ಪು. ಕನ್ನಡಕ ಹಾಕಿ ಸರಿಯಾಯಿತಲ್ಲ, ಇನ್ನೇಕೆ ಗನ್ ಕಿತ್ತುಕೊಳ್ಳುವುದು ಎಂದು ನಿಸಾರ್ ಭಾಯಿ ಕೇಳಿದ್ದಕ್ಕೆ, ಇವತ್ತು ಕನ್ನಡಕ, ನಾಳೆ ಕೈನಡುಕ, ಪ್ರಾಜೆಕ್ಟಿನಲ್ಲಿ ರಿಸ್ಕ್ ಬೇಡ ಎಂದು ಸಾಹೇಬರು ದೂರದೃಷ್ಟಿ ಮೆರೆದರು. ದೃಷ್ಟಿ ಎಂಬುದು ನಮ್ಮಲ್ಲಿ ಹೀಗೆ ಅಸಮವಾಗಿ ಹಂಚಿಹೋಗಿದೆ.

ಮಾನ್ಯರೇ, ಈಗ ನಾನು ತಮ್ಮೊಡನೆ ಒಂದು ಖಾಸಗಿ ಮಾತನ್ನು ಬಹಿರಂಗವಾಗಿ ಆಡಬೇಕಾಗಿದೆ.

ಬುಧವಾರ ಸಂಜೆ, ಗನ್ ನಿನಗೆ ಎಂದು ನಿಸಾರ್ ಭಾಯಿ ಹೇಳಿದ ಸಂತೋಷದಲ್ಲಿ ಶಿಳ್ಳೆ ಹಾಕುತ್ತಾ ನಾನು ನಮ್ಮ ಮಹಬೂಲಾದ ಫ್ಲಾಟಿನಲ್ಲಿ ಬಟ್ಟೆ ಒಗೆಯಲು ಹೋದೆ. ವಾಷಿಂಗ್ ಮೆಷಿನ್ನಿನ ಮೇಲೆ ಒಂದು ನೀಲಿ ಬಾಟಲಿ ಖಾಲಿಯಾಗಿ ಅಡ್ಡ ಬಿದ್ದಿತ್ತು. ಬಟ್ಟೆಯನ್ನು ಮೃದುವಾಗಿಸಿ ಪರಿಮಳ ಬರಿಸುವ ದ್ರಾವಣ, ಲ್ಯಾವೆಂಡರ್ ವಾಸನೆಯದು. ಊರಿಗೆ ಹೋಗುವಾಗ ಹಳೆಯ ರೂಮ್‌ಮೇಟ್ ಮೋನು ಬಿಟ್ಟುಹೋದದ್ದು. ಅದನ್ನು ನೋಡಿ ನನ್ನ ಶಿಳ್ಳೆ ಅರ್ಧಕ್ಕೇ ನಿಂತಿತು. ಸುಕುಮಾರಣ್ಣನ ಬೈರಾಸುಗಳು ಇಪ್ಪತ್ತೆರಡು ವರ್ಷ ಬಾರ್ ಸೋಪು ಮತ್ತು ನೀರು ಬಿಟ್ಟು ಬೇರೇನನ್ನೂ ಕಂಡವಲ್ಲ. ಆದರೆ ಒಂದು ತಿಂಗಳ ಹಿಂದೆ ಅವರಿಗೆ ಭುಜನೋವು ಬಂದು, ಹಿಂಡುವ ಕೆಲಸ ಬೇಡವೆಂದು ಡಾಕ್ಟರು ಹೇಳಿದ್ದರಿಂದ, ಒಗೆಯುವ ಜವಾಬ್ದಾರಿಯನ್ನು ನಾನು ದೊಡ್ಡ ಮನಸ್ಸು ಮಾಡಿ ವಹಿಸಿಕೊಂಡಿದ್ದೆ. ದೊಡ್ಡ ಮನಸ್ಸಿನೊಳಗೆ ಒಂದು ಸಣ್ಣ ಕುಚೋದ್ಯವೂ ಇತ್ತು. ಅಸಿಟೋನ್ ವಾಸನೆಯ ಬೈರಾಸು ಹೆಗಲಿಗೆ ಹಾಕಿಕೊಂಡು ಓಡಾಡುವ ಅವರು ಮದುಮಗನ ಹಾಗೆ ಘಮಘಮಿಸಿದರೆ ವರ್ಕ್‌ಶಾಪು ಹೇಗೆ ನಗಬಹುದು ಎಂದುಕೊಂಡು, ಪ್ರತಿ ಒಗೆತಕ್ಕೂ ಅರ್ಧ ಲೋಟ ಸುರಿದೆ. ತಮಾಷೆ ಫಲಿಸಿತು ಕೂಡ. ಮೊದಲ ದಿನವೇ ನಿಸಾರ್ ಭಾಯಿ ಮೂಗರಳಿಸಿ, "ಯಾರ ಮದುವೆ ಮಾರಾಯ್ರೆ ಇವತ್ತು?" ಎಂದರು. ನಾನು ರೆಸಿನ್ ಡ್ರಮ್ಮಿನ ಹಿಂದೆ ಕೂತು ನಕ್ಕೆ. ಇಪ್ಪತ್ತೆರಡು ವರ್ಷ ಅಸಿಟೋನ್ ಕುಡಿದ ಸುಕುಮಾರಣ್ಣನ ಮೂಗಿಗೆ ಮಾತ್ರ ಅದು ತಾಗಲೇ ಇಲ್ಲ, ಉಳಿದವರ ಮೂಗಿಗೆ ಎರಡನೆಯ ದಿನಕ್ಕೇ ರೂಢಿಯಾಯಿತು. ಅದೇ ದಿನ ಮುಚ್ಚಳ ನಂಬರ್ ಒಂದರ ನೆತ್ತಿಯ ಮೇಲೆ ತಾವು ನಾಲ್ಕು ಜನ ಕಣ್ಣು ಬಿಟ್ಟಿರಿ.

ಬಟ್ಟೆ ಮೃದುವಾಗುವುದು ಆ ದ್ರಾವಣದೊಳಗಿನ ಜಿಡ್ಡಿನಿಂದ. ಒಗೆದ ಬಟ್ಟೆಯಲ್ಲಿ ಅದು ಉಳಿದಿರುತ್ತದೆ. ಅಸಿಟೋನ್ ತಾಗಿದೊಡನೆ ಕರಗಿ, ಸುಕುಮಾರಣ್ಣ ಎಷ್ಟು ಶ್ರದ್ಧೆಯಿಂದ ಒರೆಸಿದರೋ ಅಷ್ಟೇ ಶ್ರದ್ಧೆಯಿಂದ ಮುಚ್ಚಳಕ್ಕೆ ಹತ್ತಿಕೊಂಡಿತು. ಹೋದ ವಾರದ ಗುರುವಾರ ಬಾಟಲಿ ಖಾಲಿಯಾಯಿತು. ಶನಿವಾರ ಬರೀ ಸೋಪಿನಲ್ಲಿ ಒಗೆದೆ, ಭಾನುವಾರ ತಾವು ಮೂರು. ಸೋಮವಾರ ಮತ್ತೆ ಒಗೆದೆ, ಮಂಗಳವಾರ ಸೊನ್ನೆ. ಕನ್ನಡಕದ ಪಾತ್ರ ಇದರಲ್ಲಿ ಎಲ್ಲೂ ಇಲ್ಲ.

ಆದರೂ ತಮ್ಮ ಮೇಲೆ ಸುಳ್ಳು ಆರೋಪ ಹೊರಿಸಬಾರದೆಂದು ಗುರುವಾರ ಊಟದ ಬಿಡುವಿನಲ್ಲಿ ಒಂದು ಹಳೆಯ ಗಾಜಿನ ಹಲಗೆಯನ್ನು ಟೇಪು ಅಂಟಿಸಿ ನಾಲ್ಕು ಪಾಲು ಮಾಡಿದೆ. ಒಂದನ್ನು ಒರೆಸಲಿಲ್ಲ. ಒಂದನ್ನು ಕಂಪನಿಯ ಬಟ್ಟೆಯಿಂದ, ಒಂದನ್ನು ಬರೀ ಸೋಪಿನ ಬೈರಾಸಿನಿಂದ, ಕೊನೆಯದನ್ನು ನನ್ನ ಚೀಲದ ತಳದಲ್ಲಿ ಮತ್ತೆ ಒಗೆಯದೆ ಉಳಿದಿದ್ದ ಲ್ಯಾವೆಂಡರ್ ಬೈರಾಸಿನಿಂದ ಅಸಿಟೋನ್ ಹಚ್ಚಿ ಒರೆಸಿದೆ. ನಾಲ್ಕಕ್ಕೂ ಒಂದೇ ಬಿಳಿ ಕೋಟು ಹೊಡೆದು ಬಾಗಿಲು ಹಾಕಿ ಹೊರಗೆ ನಿಂತೆ. ಕಾಲು ಗಂಟೆಯ ಮೇಲೆ ಒಳಗೆ ಬಂದರೆ ಮೂರು ಪಾಲು ನುಣ್ಣಗೆ ಹಾಲಿನ ಹಾಗಿವೆ. ನಾಲ್ಕನೆಯದರಲ್ಲಿ ತಾವು ಸಕುಟುಂಬರಾಗಿ ಕಣ್ಣು ಬಿಟ್ಟಿದ್ದೀರಿ. ಅಲ್ಲಿ ಕಣ್ಣು ತಗ್ಗಿಸಿದವನು ನಾನೊಬ್ಬನೇ.

ನಿನ್ನೆ ಶುಕ್ರವಾರ ಮಧ್ಯಾಹ್ನ, ಕುಚ್ಚಲಕ್ಕಿ ಅನ್ನ, ಬಂಗುಡೆ ಸಾರಿನ ಮುಂದೆ ಕೂತಾಗ ಸುಕುಮಾರಣ್ಣನಿಗೆ ಎಲ್ಲವನ್ನೂ ಹೇಳಿ, ಗಾಜಿನ ಹಲಗೆಯನ್ನು ಬಟ್ಟಲ ಪಕ್ಕದಲ್ಲಿಟ್ಟೆ. ಅವರು ತುತ್ತು ಕೆಳಗಿಟ್ಟರು.

"ಒಂದೇ ಬೈರಾಸಿಗಾ, ಹನ್ನೆರಡಕ್ಕೂವಾ?"

"ಹನ್ನೆರಡಕ್ಕೂ, ಸುಕುಮಾರಣ್ಣ."

"ಸಲಕ್ಕೆ ಎಷ್ಟು ಹಾಕಿದ್ದಿ?"

"ಅರ್ಧ ಲೋಟ."

ಎಡಗೈಯಿಂದ ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ಹಲಗೆಯನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು, ನಾಲ್ಕನೆಯ ಪಾಲಿನಲ್ಲಿ ತಮ್ಮನ್ನು ಒಂದೊಂದಾಗಿ ಎಣಿಸಿದರು. "ಹದಿನೇಳು" ಎಂದರು. ನಾನು ಎಣಿಸಿದಾಗ ಹದಿನಾರು ಸಿಕ್ಕಿದ್ದವು. ಮತ್ತೆ ನೋಡಿದರೆ ಟೇಪಿನ ಅಂಚಿನಲ್ಲಿ ಇನ್ನೊಂದು ಇತ್ತು.

"ಹಾಗಾದ್ರೆ ನನ್ನ ಕಣ್ಣು ಸರಿ ಉಂಟು" ಎಂದರು. ನನಗೆ ಅಲ್ಲ, ಹಲಗೆಗೆ. ಆಮೇಲೆ ನನ್ನ ಕಡೆ ತಿರುಗಿ ತುಳುವಿನಲ್ಲಿ ಐದು ನಿಮಿಷ ನನ್ನ ಬುದ್ಧಿ, ಬೇರು, ಭವಿಷ್ಯಗಳ ಬಗ್ಗೆ ಮಾತಾಡಿದರು. ಅದನ್ನು ಇಲ್ಲಿ ಬರೆದರೆ ಮೆಸ್ಸಿನ ಗೋಡೆ ತಡೆಯಲಿಕ್ಕಿಲ್ಲ. ಅದು ಮುಗಿದ ಮೇಲೆ ನನ್ನ ಬಟ್ಟಲಿಗೆ ಒಂದು ಬಂಗುಡೆ ಹೆಚ್ಚಿಗೆ ಬಡಿಸಿ, "ನೀನು ಬಾಯಿ ಬಿಡ್ಬೇಡ, ಕೇಳಿತಾ. ನಿನಗೆ ಇಲ್ಲಿ ಎರಡು ವರ್ಷ ಆಗ್ಲಿಲ್ಲ, ಗೊತ್ತಾದ್ರೆ ಖಲಾಸ್ ಅಂತ ವಿಮಾನ ಹತ್ತಿಸ್ತಾರೆ. ಗನ್ ನೀನೇ ಹಿಡಿ. ಮೊದಲ ಹೊಡೆತ ಮಾತ್ರ ತೆಳ್ಳಗೆ ಹೊಡಿ, ನಿಂದು ಯಾವಾಗ್ಲೂ ದಪ್ಪ" ಎಂದರು.

"ಮತ್ತೆ ನೀವು?"

"ನಾನೆಂತ, ಪ್ಯಾಕಿಂಗು. ಪ್ಲಾಸ್ಟಿಕ್ ಸುತ್ತುದು. ಅದಕ್ಕೆ ಕಣ್ಣು ಬೇಡ." ಕನ್ನಡಕವನ್ನು ಎಡಗೈಯಿಂದ ಜೇಬಿಗೆ ಹಾಕಿಕೊಂಡು, "ಕುಸುಮನಿಗೆ ಒಂದು ಹೇಳ್ತೇನೆ. ಅವಳು ನನ್ನ ಕಣ್ಣಿಗೇಂತ ಏನೇನೋ ಹರಕೆ ಹೇಳಿದ್ದಾಳೆ" ಎಂದರು. ಸ್ಟೈಲಿಗೆ ಎಂದ ಮಾತನ್ನು ಕುಸುಮಕ್ಕ ಒಂದು ಕ್ಷಣವೂ ನಂಬಿರಲಿಲ್ಲ ಎಂದು ನನಗೆ ಆಗ ಗೊತ್ತಾಯಿತು.

ಹಿರಿಯರು ಬಾಯಿ ಬಿಡಬೇಡ ಎಂದಿದ್ದಾರೆ. ಅವರ ಮಾತು ಮೀರುವವನು ನಾನಲ್ಲ. ಇವತ್ತು ಬೆಳಗಿನಿಂದ ನಾನು ಯಾರ ಹತ್ತಿರವೂ ಬಾಯಿ ಬಿಟ್ಟಿಲ್ಲ, ಬರೀ ಬರೆಯುತ್ತಿದ್ದೇನೆ.

ಆದ್ದರಿಂದ ತಮ್ಮಲ್ಲಿ ವಿನಯಪೂರ್ವಕ ಪ್ರಾರ್ಥನೆ ಏನೆಂದರೆ, ತಾವು ಎಲ್ಲಿ ವಿರಮಿಸುತ್ತಿದ್ದರೂ ನಾಳೆ ಭಾನುವಾರ ಬೆಳಿಗ್ಗೆ ಒಂಬತ್ತು ಗಂಟೆಗೆ ಸರಿಯಾಗಿ ಪೇಂಟ್ ಕೋಣೆಗೆ ದಯಮಾಡಿಸಬೇಕು. ತಮಗಾಗಿ ರಿಜೆಕ್ಟ್ ಆದ ಮುಚ್ಚಳ ನಂಬರ್ ಹನ್ನೊಂದನ್ನು ಉಜ್ಜಿ ಸಿದ್ಧಪಡಿಸಿದ್ದೇನೆ. ಅದರ ಎಡ ಅರ್ಧವನ್ನು ಬರೀ ಸೋಪಿನ ಬೈರಾಸು ಒರೆಸುತ್ತದೆ, ಬಲ ಅರ್ಧವನ್ನು ಲ್ಯಾವೆಂಡರ್ ಬೈರಾಸು. ಅದನ್ನು ತಮ್ಮ ಪ್ರಯಾಣಕ್ಕೆ ಪರಿಮಳ ಆರದ ಹಾಗೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟಿದ್ದೇನೆ. ಗನ್ ಹಿಡಿಯುವವರು ಸುಕುಮಾರಣ್ಣ, ಕನ್ನಡಕವಿಲ್ಲದೆ. ಅವರಿಗೆ ಇನ್ನೂ ಹೇಳಿಲ್ಲ. ನಿಸಾರ್ ಭಾಯಿ ಹೇಳಿದರೆ ಹಿಡಿಯುತ್ತಾರೆ; ಗನ್ ಕೈಗೆ ಬಂದ ಮೇಲೆ ಇಲ್ಲ ಎನ್ನಲು ಅವರಿಗೆ ಬರುವುದಿಲ್ಲ. ಝಹೀರ್ ಸಾಹೇಬರಿಗೆ ಈ ಪತ್ರವನ್ನು ಇಲ್ಲಿಯವರೆಗೆ ನಿಸಾರ್ ಭಾಯಿಯೇ ಫೋನಿನಲ್ಲಿ ಹಿಂದಿಯಲ್ಲಿ ಓದಿ ಹೇಳಿದ್ದಾರೆ. ಟಾರ್ಚಿಗೆ ಹೊಸ ಸೆಲ್ ಹಾಕಿಕೊಂಡು ಬರುತ್ತೇನೆ ಎಂದಿದ್ದಾರೆ.

ಬಲ ಅರ್ಧದಲ್ಲಿ ತಾವು ಬಂಧುಬಳಗದೊಂದಿಗೆ ಎಷ್ಟು ದೊಡ್ಡ ಸಂಖ್ಯೆಯಲ್ಲಿ ಕಾಣಿಸಿಕೊಂಡರೂ ಸಂತೋಷ. ಎಡ ಅರ್ಧಕ್ಕೆ ಮಾತ್ರ ದಯವಿಟ್ಟು ಒಬ್ಬರೂ ಕಾಲಿಡಬೇಡಿ. ಇದು ಕಾಕತಾಳೀಯ ಎಂದು ಯಾರಾದರೂ ಹೇಳಿದರೆ, ಅವರ ಆಫೀಸಿನ ಮೇಜಿನ ಗಾಜಿನ ಮೇಲೂ ಒಮ್ಮೆ ಹಾಜರಾಗಿ ಸಾಕ್ಷಿ ನುಡಿಯಬೇಕು. ಅದಕ್ಕೆ ಬೇಕಾದ ಬೈರಾಸಿನ ತುಂಡನ್ನು ನಾನೇ ಒದಗಿಸುತ್ತೇನೆ. ಸಾಕ್ಷಿ ಹೇಳಿದ ಮೇಲೆ ತಾವು ಈ ದೇಶವನ್ನು ಖಾಯಮ್ಮಾಗಿ ಬಿಟ್ಟುಹೋಗಬಹುದು. ತಮ್ಮ ಜೊತೆಗೆ ಇನ್ನೊಬ್ಬನನ್ನೂ ಕಳಿಸುವುದೆಂದು ಮೇಲಿನವರು ತೀರ್ಮಾನಿಸಿದರೆ ಆ ಪ್ರಯಾಣದಲ್ಲಿ ತಮಗೆ ಸಂಗಾತಿಯಾಗಿ ನಾನಿರುತ್ತೇನೆ. ಸೂಟ್‌ಕೇಸು ಹೇಗೂ ಚಿಕ್ಕದು.

ಇತಿ, ತಮ್ಮ ದುಂಡುತನಕ್ಕೆ ಮೂರು ವಾರ ಅರಿಯದೆ ಅನ್ನ ಹಾಕಿದ,

ತಮ್ಮ ವಿಶ್ವಾಸಿ,
ಶ್ರವಣ್
ಹೆಲ್ಪರ್, ಪೇಂಟ್ ಕೋಣೆ
(ನನ್ನನ್ನು ನಾಳೆಯೂ ಇದೇ ಹುದ್ದೆಯಲ್ಲಿ ಇರಿಸಬೇಕಾಗಿ ಕೋರಿಕೆ)

ಪ್ರತಿಗಳು: ಮ್ಯಾನೇಜರ್ ಸಾಹೇಬರ ಬಾಗಿಲು, ಮೆಸ್ಸಿನ ಗೋಡೆ, ಝಹೀರ್ ಸಾಹೇಬರು, ಪಡುಬಿದ್ರೆಯ ಕುಸುಮಕ್ಕ (ವಾಟ್ಸಾಪಿನಲ್ಲಿ, ಬೈಗುಳದ ನಿರೀಕ್ಷೆಯೊಂದಿಗೆ)

ವಿ.ಸೂ.: ಸಾಹೇಬರ ವರದಿಗೆ ಫೋರ್‌ಮ್ಯಾನ್ ಸಹಿ ಬೀಳುವುದು ಇನ್ನೂ ಬಾಕಿ ಇದ್ದದ್ದರಿಂದ ಅದು ನಿಸಾರ್ ಭಾಯಿಯ ಕೈಯಲ್ಲಿತ್ತು. 'ಮೂಲ ಕಾರಣ' ಎಂಬಲ್ಲಿದ್ದ ದೃಷ್ಟಿದೋಷವನ್ನು ಅಡ್ಡಗೆರೆ ಎಳೆದು ಹೊಡೆದು, ಅಲ್ಲಿ ನನ್ನ ಹೆಸರು ಬರೆದು, ನಿಸಾರ್ ಭಾಯಿಯ ಸಹಿ ಮಾಡಿಸಿ, ಇವತ್ತು ಮಧ್ಯಾಹ್ನ ಸಾಹೇಬರ ಬಾಗಿಲ ಅಡಿಯಿಂದ ಒಳಗೆ ತಳ್ಳಿದ್ದೇನೆ. ವೈಟ್ನರ್ ಬಳಿದು ನೀಟಾಗಿ ತಿದ್ದಬಹುದಿತ್ತು. ಆದರೆ ಕೆಳಗೆ ಏನಿದೆಯೆಂದು ನೋಡದೆ ಮೇಲೆ ಬಿಳಿ ಹೊಡೆಯಬಾರದೆಂದು ನಾನು ಕೆಲಸ ಕಲಿತದ್ದು ಸುಕುಮಾರಣ್ಣನ ಕೈಕೆಳಗೆ. ಸಾಹೇಬರು ಬೇಕಾದರೆ ತಾವೇ ವೈಟ್ನರ್ ಹಚ್ಚಿಕೊಳ್ಳಲಿ. ಪೆನ್ನು ಸಾಕಷ್ಟು ಒತ್ತಿಯೇ ಬರೆದಿದ್ದೇನೆ. ಹೆಸರು ಕೆಳಗಿನ ನಾಲ್ಕು ಪುಟಕ್ಕೂ ಮೂಡಿದೆ.